ಕಾಯವಿಲ್ಲದ ಕಾಯಕ

ಕಾಯಕ ಎಂಬ ಶಬ್ದದೊಳಗೇ ಕಾಯ, ಅಂದರೆ ದೇಹ, ಇದೆ. ಹನ್ನೆರಡನೆಯ ಶತಮಾನದ ಶರಣರು ಮೈಮುರಿದು ಮಾಡುವ ಪ್ರಾಮಾಣಿಕ ದುಡಿಮೆಯನ್ನು ಪೂಜೆಯ ಸಾಲಿಗೆ ತಂದು, ಅದರ ಫಲವನ್ನು ದಾಸೋಹವಾಗಿ, ಎಂದರೆ ಎಲ್ಲರೊಡನೆ ಹಂಚಿಕೊಳ್ಳುವ ಸೇವೆಯಾಗಿ, ಒಪ್ಪಿಸಬೇಕೆಂದಾಗ, ದುಡಿಮೆಯಲ್ಲಿ ದೇಹ ಪಾಲ್ಗೊಳ್ಳುತ್ತದೆ ಎಂಬುದನ್ನು ಯಾರೂ ಬೇರೆಯಾಗಿ ಹೇಳಬೇಕಾಗಿರಲಿಲ್ಲ. ದಿನಕ್ಕೆ ಎಂಟು ಗಂಟೆ ಕಂಪ್ಯೂಟರಿನ ಮುಂದೆ ಕೂತು ಮಾಡುವ ಇಂದಿನ ದುಡಿಮೆಯಲ್ಲಾದರೋ ಕಣ್ಣು ಮತ್ತು ಬೆರಳುಗಳ ಹೊರತು ಉಳಿದ ಅಂಗಗಳಿಗೆ ಕೆಲಸವೇ ಇಲ್ಲ. ಹಾಗಾದರೆ ಕಾಯವನ್ನು ಕೈಬಿಟ್ಟ ದುಡಿಮೆ ಪೂರ್ಣವಾದ ಕಾಯಕವೇ, ಅಲ್ಲವಾದರೆ ಆ ಕೊರತೆಯನ್ನು ತುಂಬುವ ಹೊಣೆ ಒಬ್ಬೊಬ್ಬ ನೌಕರನದೋ ಜತೆಯಲ್ಲಿ ದುಡಿಯುವ ಎಲ್ಲರದೋ ಎಂಬ ಪ್ರಶ್ನೆ ಏಳುತ್ತದೆ.

ಈ ಪ್ರಶ್ನೆಯನ್ನು ಇಟ್ಟು ನೋಡಲು ಮಂಗಳೂರಿನ ಕುಲಶೇಖರ ತಕ್ಕ ಊರು. ಇಲ್ಲಿ ಕುಲಾಲ ಸಮುದಾಯದ ಶ್ರದ್ಧಾಕೇಂದ್ರವಾದ ವೀರನಾರಾಯಣ ದೇವಸ್ಥಾನವಿದೆ, 1873ರಲ್ಲಿ ಸ್ಥಾಪನೆಯಾದ ಹೋಲಿ ಕ್ರಾಸ್ ಚರ್ಚ್ ಇದೆ, ದಕ್ಷಿಣ ಕನ್ನಡ ಹಾಲು ಒಕ್ಕೂಟದ ಡೇರಿಯೂ ಇದೆ. ಕುಲಾಲರ ಪರಂಪರೆಯ ಕಸುಬು ಕುಂಬಾರಿಕೆ. ಮಣ್ಣನ್ನು ಕಾಲಿನಿಂದ ತುಳಿದು ಹದಮಾಡುವುದು, ಕುಕ್ಕರುಗಾಲಿನಲ್ಲಿ ಕೂತು ತಿಗರಿ ತಿರುಗಿಸುವುದು, ಹಸಿ ಮಡಕೆಯ ಹೊರಮೈಯನ್ನು ಹಲಗೆಯಿಂದ ತಟ್ಟಿ ತೆಳುವಾಗಿಸುವುದು, ಹೀಗೆ ಅಂಗಾಲಿನಿಂದ ಹೆಗಲಿನವರೆಗೆ ಇಡೀ ಮೈ ಆ ಕೆಲಸದಲ್ಲಿ ತೊಡಗಿರುತ್ತದೆ. ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದಾಗಲೂ ನಗರದ ದುಡಿಮೆ ಮಣ್ಣು ಮತ್ತು ಮೈಯ ಸಂಬಂಧವನ್ನು ಬಿಟ್ಟಿರಲಿಲ್ಲ. 1906ರಲ್ಲಿ ಕೆನರಾ ಬ್ಯಾಂಕ್, 1924ರಲ್ಲಿ ಕರ್ಣಾಟಕ ಬ್ಯಾಂಕ್ ಇದೇ ನಗರದಲ್ಲಿ ಹುಟ್ಟಿದವು. ಮೇಜು, ಕುರ್ಚಿ, ಲೆಕ್ಕದ ಪುಸ್ತಕಗಳ ದುಡಿಮೆ ಬೆಳೆಯಿತು, ಅದರಿಂದ ಸಾವಿರಾರು ಮನೆಗಳಿಗೆ ಅನ್ನವೂ ಗೌರವವೂ ದೊರೆತವು. ಆ ಲಾಭ ಸಣ್ಣದಲ್ಲ. ಆದರೆ ಮೈ ಮಾತ್ರ ದುಡಿಮೆಯಿಂದ ಹೊರಗುಳಿಯಿತು.

ಹೊರಗುಳಿದ ಮೈಗೆ ಏನಾಗುತ್ತದೆ ಎಂಬುದನ್ನು ವೈದ್ಯವಿಜ್ಞಾನ ಬಹಳ ಹಿಂದೆಯೇ ಕಂಡುಕೊಂಡಿದೆ. 1953ರಲ್ಲಿ ಸಂಶೋಧಕ ಜೆರ್ರಿ ಮಾರಿಸ್ ಮತ್ತು ಸಂಗಡಿಗರು ಲಂಡನ್ನಿನ ಬಸ್ ನೌಕರರನ್ನು ಅಧ್ಯಯನ ಮಾಡಿ, ದಿನವಿಡೀ ಕೂತಿರುವ ಚಾಲಕರಿಗಿಂತ ಎರಡಂತಸ್ತಿನ ಬಸ್ಸಿನ ಮೆಟ್ಟಿಲು ಹತ್ತಿಳಿಯುವ ನಿರ್ವಾಹಕರಲ್ಲಿ ಹೃದ್ರೋಗ ಕಡಿಮೆಯೆಂದು ತೋರಿಸಿದರು. ವಯಸ್ಕರು ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಪ್ರಮಾಣದ ಚಟುವಟಿಕೆಯಲ್ಲಿ ತೊಡಗಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಸೂಚಿಸಿದೆ.

ದೇಹ ನಶ್ವರವಾದ್ದರಿಂದ ಅದರ ಆರೈಕೆ ಮೋಹವೆಂದೂ ಆತ್ಮಚಿಂತನೆಗೆ ಅಡ್ಡಿಯೆಂದೂ ಕೆಲವರು ವಾದಿಸಬಹುದು. ಆದರೆ ಈ ವಾದ ಪರಂಪರೆಯ ಒಂದು ಎಳೆಯನ್ನಷ್ಟೇ ಹಿಡಿಯುತ್ತದೆ. ಕಾಳಿದಾಸನ ಕುಮಾರಸಂಭವದಲ್ಲಿ ತಪಸ್ಸಿನಿಂದ ಕೃಶಳಾದ ಪಾರ್ವತಿಗೆ ವಟುವೇಷದ ಶಿವನು ಧರ್ಮಸಾಧನೆಗೆ ಶರೀರವೇ ಮೊದಲ ಉಪಕರಣವೆಂದು ನೆನಪಿಸುತ್ತಾನೆ. ಕೊರಿಂಥದವರಿಗೆ ಬರೆದ ಪತ್ರದಲ್ಲಿ ಸಂತ ಪೌಲರು ದೇಹವನ್ನು ಪವಿತ್ರಾತ್ಮರ ಆಲಯವೆಂದು ಕರೆಯುತ್ತಾರೆ. ಇವೆರಡಕ್ಕಿಂತಲೂ ಕನ್ನಡದ ಮನಸ್ಸಿಗೆ ಹತ್ತಿರವಾದದ್ದು ಹರಿಹರನು ರಗಳೆಯಲ್ಲಿ ಹೇಳಿದ ಕುಂಬಾರ ಗುಂಡಯ್ಯನ ಕಥೆ. ಗುಂಡಯ್ಯ ಮಡಕೆಯನ್ನು ತಟ್ಟುವ ಸದ್ದೇ ತಾಳವಾಗಿ, ಆ ತಾಳಕ್ಕೆ ಅವನು ಕುಣಿಯತೊಡಗಿದಾಗ ಶಿವನೂ ಕೂತಿರಲಾರದೆ ಕುಣಿಯುತ್ತಾನೆ. ಕಸುಬು, ಚಲನೆ, ಭಕ್ತಿ ಮೂರೂ ಇಲ್ಲಿ ಒಂದೇ ಕ್ರಿಯೆಯಾಗಿವೆ ಎಂಬುದು ಮೊದಲ ಸಂಗತಿ. ಒಬ್ಬನ ಮೈಯ ಉಲ್ಲಾಸ ಇನ್ನೊಬ್ಬನನ್ನು ಎಬ್ಬಿಸುತ್ತದೆ, ಆ ಇನ್ನೊಬ್ಬನು ದೇವರೇ ಆಗಿದ್ದರೂ ಸರಿ, ಎಂಬುದು ಎರಡನೆಯದು. ಗುಂಡಯ್ಯ ಯಾರಿಗೂ ಕುಣಿಯೆಂದು ಉಪದೇಶಿಸಲಿಲ್ಲ.

ಜತೆಗೂಡುವಿಕೆಯ ತತ್ತ್ವ ಇಲ್ಲಿಯೇ ಸಿಗುತ್ತದೆ. ಋಗ್ವೇದದ ಕೊನೆಯ ಸೂಕ್ತವು ಜನರಿಗೆ ಐಕ್ಯವನ್ನು ಬೋಧಿಸುವಾಗ ಮೊದಲು ಕೂಡಿ ನಡೆಯಲು, ಬಳಿಕ ಕೂಡಿ ನುಡಿಯಲು, ಅನಂತರ ಮನಸ್ಸುಗಳನ್ನು ಒಂದಾಗಿಸಲು ಹೇಳುತ್ತದೆ. ಈ ಕ್ರಮ ಆಕಸ್ಮಿಕವಾಗಿರಲಾರದು. ಸಾಲಾಗಿ ಹೆಗಲಿಗೆ ಹೆಗಲು ತಾಗಿಸಿ ನಿಲ್ಲುವ ನಮಾಜು, ಒಟ್ಟಿಗೆ ಎದ್ದು ಮೊಣಕಾಲೂರುವ ಚರ್ಚಿನ ಬಲಿಪೂಜೆ, ಕೂಡಿ ಹಾಕುವ ಪ್ರದಕ್ಷಿಣೆ, ಇವೆಲ್ಲವೂ ದೇಹಗಳ ಮೂಲಕವೇ ಸಮುದಾಯವನ್ನು ಕಟ್ಟಿವೆ. ಹಾಲಿನ ಸಹಕಾರ ಸಂಘವೂ ಇದನ್ನೇ ಬೇರೆ ಬಗೆಯಲ್ಲಿ ತೋರಿಸುತ್ತದೆ: ಹೈನುಗಾರರೊಬ್ಬರು ತರುವ ನಾಲ್ಕಾರು ಲೀಟರ್ ಹಾಲು ತಾನಾಗಿ ಮಾರುಕಟ್ಟೆಯನ್ನು ಮುಟ್ಟಲಾರದು, ಸಂಘದ ಕ್ಯಾನಿನಲ್ಲಿ ಕೂಡಿದಾಗ ಮುಟ್ಟುತ್ತದೆ. ಒಬ್ಬೊಬ್ಬರಾಗಿ ಮಾಡುವ ವ್ಯಾಯಾಮದ ಸಂಕಲ್ಪವೂ ಹೀಗೆಯೇ ಬಡವಾದದ್ದು, ಜತೆಗಾರ ಕಾಯುತ್ತಿದ್ದಾನೆ ಎಂಬ ಅರಿವಿನಿಂದ ಅದಕ್ಕೆ ಬಲ ಬರುತ್ತದೆ. ಜಪಾನಿನಲ್ಲಿ 1928ರಲ್ಲಿ ಆರಂಭವಾದ, ರೇಡಿಯೊ ಪ್ರಸಾರಕ್ಕೆ ಹೊಂದಿಸಿ ಕೂಡಿ ಮಾಡುವ ವ್ಯಾಯಾಮವು ಕಚೇರಿ, ಕಾರ್ಖಾನೆಗಳಲ್ಲಿ ಇಂದಿಗೂ ಉಳಿದಿರುವುದಕ್ಕೆ ಈ ಬಲವೂ ಒಂದು ಕಾರಣವೆನ್ನಬೇಕು. ನಮ್ಮಲ್ಲಿ ಆಯುಷ್ ಸಚಿವಾಲಯ ಕೆಲಸದ ಸ್ಥಳಗಳಿಗಾಗಿ ಐದು ನಿಮಿಷಗಳ ಯೋಗವಿರಾಮವನ್ನು ರೂಪಿಸಿದೆ, ರಾಜ್ಯ ಸರ್ಕಾರಿ ನೌಕರರ ಕ್ರೀಡಾಕೂಟಗಳೂ ನಡೆಯುತ್ತವೆ. ಆದರೆ ವರ್ಷಕ್ಕೊಮ್ಮೆ ಓಡಿದ ಮೈ ಉಳಿದ ದಿನಗಳಲ್ಲಿ ಕೂತೇ ಇದ್ದರೆ ಪ್ರಯೋಜನ ಅಲ್ಪ.

ಪ್ರೇರಣೆ ಎಲ್ಲಿ ಬಲವಂತವಾಗುತ್ತದೆ ಎಂಬುದು ಇಲ್ಲಿನ ಸೂಕ್ಷ್ಮ ಪ್ರಶ್ನೆ. ವಾಗ್ಭಟನ ಆಯುರ್ವೇದ ಗ್ರಂಥವಾದ ಅಷ್ಟಾಂಗಹೃದಯವು ಬಲವಂತರು ಕೂಡ ಚಳಿಗಾಲ ಮತ್ತು ವಸಂತದಲ್ಲಿ ಅರ್ಧಶಕ್ತಿಯಷ್ಟು, ಅಂದರೆ ತಮ್ಮ ಬಲದ ಅರ್ಧದಷ್ಟು ಮಾತ್ರ, ವ್ಯಾಯಾಮ ಮಾಡಬೇಕೆಂದೂ ಬೇರೆ ಋತುಗಳಲ್ಲಿ ಇನ್ನೂ ಕಡಿಮೆ ಸಾಕೆಂದೂ ಹೇಳುತ್ತದೆ. ಪ್ರತಿಯೊಬ್ಬರ ಅರ್ಧಶಕ್ತಿ ಬೇರೆಯಾಗಿರುವುದರಿಂದ ಎಲ್ಲರ ಹೆಜ್ಜೆಗಳನ್ನು ಎಣಿಸಿ ಪಟ್ಟಿ ಹಚ್ಚುವುದು, ಮಂಡಿನೋವಿನವರನ್ನು, ಗರ್ಭಿಣಿಯರನ್ನು, ಮನೆಕೆಲಸ ಮುಗಿಸಿ ಬಂದು ದಣಿದ ಮಹಿಳೆಯರನ್ನು ಹಿಂದುಳಿದವರೆಂದು ಕಾಣುವುದು ಈ ಮಿತಿಯ ತತ್ತ್ವಕ್ಕೆ ವಿರುದ್ಧ. ಕೆಲಸದ ಅವಧಿ ಮುಗಿದ ಮೇಲೆ, ನೌಕರರು ಮನೆಗೆ ಹೊರಡುವ ಹೊತ್ತನ್ನು ಕಸಿದುಕೊಂಡು ಮಾಡಿಸುವ ವ್ಯಾಯಾಮವೂ ಅಷ್ಟೇ ಅನ್ಯಾಯ.

ಈ ಎಚ್ಚರವಿಟ್ಟುಕೊಂಡು ಜತೆಯಾಗಿ ನಡೆಯಲು ಕುಲಶೇಖರದ ಏರು ರಸ್ತೆಗಳು ಹೇಳಿ ಮಾಡಿಸಿದಂತಿವೆ. ಜೂನಿನಿಂದ ಮಳೆ ಹಿಡಿದಾಗ ಕಚೇರಿಯ ಜಗಲಿ, ಮೆಟ್ಟಿಲುಗಳೇ ಸಾಕು. ಊಟದ ಬಳಿಕ ಕೆಲಸದ ಅವಧಿಯೊಳಗೇ ಹದಿನೈದು ನಿಮಿಷವನ್ನು ಈ ಜತೆನಡಿಗೆಗೆ ಬಿಟ್ಟುಕೊಡಲು ಕಚೇರಿಗಳ ಮುಖ್ಯಸ್ಥರು ಮನಸ್ಸು ಮಾಡಬೇಕು, ಮತ್ತು ಆ ಹೊತ್ತಿಗೆ ಕುರ್ಚಿಯಿಂದ ಮೊದಲು ಏಳುವವರು ಅವರೇ ಆಗಿರಬೇಕು.