ಖಿದ್ಮತ್ತಿಗೆ ಕೂಲಿ ಕೇಳಬಹುದೇ?

2022ರಲ್ಲಿ ನಮ್ಮ ಅಮ್ಮಿಗೆ ಲಕ್ವ ಹೊಡೆದು ಎಡಭಾಗ ಪೂರ್ತಿ ಬಿದ್ದುಹೋಯಿತು. ಮನೆಯಲ್ಲಿ ಮೂವರು ಗಂಡುಮಕ್ಕಳು, ಇಬ್ಬರು ಸೊಸೆಯಂದಿರು, ಓಣಿಯ ತುಂಬ ನೆಂಟರು. ಹಿಡಿಯಲು, ಎತ್ತಲು ಕೈಗಳಿಗೇನೂ ಬರವಿರಲಿಲ್ಲ. ತಾಯಿಯ ಪಾದದಡಿ ಸ್ವರ್ಗವಿದೆ ಎಂದು ಎಳವೆಯಿಂದ ಕೇಳಿ ಬೆಳೆದವರು ನಾವು. ಆ ಸ್ವರ್ಗದ ಪಾಲಿಗಾಗಿ ಪೈಪೋಟಿಯ ಮೇಲೆ ಅಮ್ಮಿಯ ಎರಡೂ ಕೈ ಹಿಡಿದು ಎಳೆದು ಕೂರಿಸುತ್ತಿದ್ದೆವು. ಐದು ತಿಂಗಳಲ್ಲಿ ಆಕೆಯ ಎಡಭುಜ ಕೀಲಿನಿಂದ ಜಾರಿತ್ತು, ಬೆನ್ನಿನ ಕೆಳಗೆ ಅಂಗೈಯಗಲ ಹಾಸಿಗೆ ಹುಣ್ಣಾಗಿತ್ತು. ಮಾಡಿದವರು ಬೇರಾರೂ ಅಲ್ಲ, ನಾವೇ. ನಮ್ಮ ಪ್ರೀತಿಯೇ.

ಆಗ ಬಂದವಳು ಜಿನನಾಥಪುರದ ಹುಡುಗಿ. ಪಿಯುಸಿ ಮುಗಿಸಿ ಬೆಂಗಳೂರಿನಲ್ಲಿ ಆರು ತಿಂಗಳು ಅಂಗವಿಕಲರ ಆರೈಕೆಯ ತರಬೇತಿ ಪಡೆದವಳು. ಹೆಸರು ಬೇಡ, ಹುಡುಗಿ ಎಂದೇ ಕರೆಯೋಣ. ಕೋಣೆಗೆ ಕಾಲಿಡುವಾಗ ನಾವು ಅಮ್ಮಿಯನ್ನು ಎಬ್ಬಿಸುತ್ತಿದ್ದೆವು. "ಕೈ ಹಿಡಿದು ಎಳೀಬೇಡಿ ಸಾರ್, ಭುಜ ಇನ್ನೂ ಜಾರುತ್ತೆ" ಎಂದಳು. ನಂತರ ಹಾಸಿಗೆಯ ಬಳಿ ಮಂಡಿಯೂರಿ, ಅಮ್ಮಿಯ ಮುಖದ ಮಟ್ಟಕ್ಕೆ ತನ್ನ ಮುಖ ತಂದು, "ಅಜ್ಜಿ, ಯಾವ ಕಡೆ ಹೊರಳ್ಬೇಕು ನಿಮಗೆ?" ಎಂದು ಕೇಳಿದಳು. ಅಮ್ಮಿ ಬಹಳ ಹೊತ್ತು ಅವಳನ್ನೇ ನೋಡಿ ಬಲಗಣ್ಣಿನಿಂದ ಗೋಡೆಯ ಕಡೆ ತೋರಿಸಿದರು. ಐದು ತಿಂಗಳಲ್ಲಿ ನಾವ್ಯಾರೂ ಆ ಪ್ರಶ್ನೆ ಕೇಳಿರಲಿಲ್ಲ. ಕಿಟಕಿಯ ಬೆಳಕು ಬೀಳಲೆಂದು ದಿನವೂ ಅವರನ್ನು ಕಿಟಕಿಯ ಕಡೆಗೇ ಹೊರಳಿಸುತ್ತಿದ್ದೆವು. ಆ ಬೆಳಕು ಅವರ ಕಣ್ಣಿಗೆ ಚುಚ್ಚುತ್ತಿತ್ತಂತೆ!

ಅವಳಿಂದ ಕಲಿತದ್ದು ಸಣ್ಣ ಸಣ್ಣ ಸಂಗತಿಗಳು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಎತ್ತುವಾಗ ಬೆನ್ನಡಿ ಮಡಿಸಿದ ಬೆಡ್‌ಶೀಟ್ ಹಾಕಿ ಅದನ್ನು ಹಿಡಿಯಬೇಕು, ಮೈಯನ್ನಲ್ಲ. ಗಾಲಿಕುರ್ಚಿಯನ್ನು ಶಕ್ತಿ ಉಳಿದಿರುವ ಬದಿಗೆ ಇಟ್ಟು, ಬ್ರೇಕ್ ಹಾಕಿ, ಆಮೇಲೆ ಏಳಿಸಬೇಕು. ಮಲಗಿದವರ ಬಾಯಿಗೆ ನೀರು ಹನಿಸಬಾರದು, ಕೂರಿಸಿ ಗಲ್ಲ ತುಸು ಕೆಳಗೆ ಮಾಡಿಸಿ ಕೊಡಬೇಕು. ಇಲ್ಲವಾದರೆ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಇದರಲ್ಲಿ ದೊಡ್ಡ ವಿದ್ಯೆ ಏನಿದೆ ಎನ್ನಬಹುದು. ಆದರೆ ಕಥೆ ಬರೆಯುವ, ಎರಡು ಭಾಷೆ ಓದಬಲ್ಲ ನಮಗೆ ಅದು ಗೊತ್ತಿರಲಿಲ್ಲ.

ಜಗಳ ಹುಟ್ಟಿದ್ದು ಸಂಬಳದ ದಿನ. ನಮ್ಮ ಹಿರಿಯಣ್ಣನಿಗೆ ಆ ಮೊತ್ತ ಕೇಳಿ ಸಿಟ್ಟು ಬಂತು. "ಖಿದ್ಮತ್ತಿಗೂ ಮಜ್ದೂರಿಯಾ? ಕೂಲಿ ತಗೊಂಡರೆ ಅದು ಖಿದ್ಮತ್ ಹೇಗಾಗುತ್ತೆ, ನೌಕರಿ ಆಗುತ್ತೆ" ಎಂದ. ಪಕ್ಕದ ಬೀದಿಯ ಬಡ ವಿಧವೆಯೊಬ್ಬರು ಜಕಾತಿನ ಹಣಕ್ಕೆ ಬಂದು ಮಾಡುತ್ತಾರೆ, ಅವರಿಗೂ ಸವಾಬು, ನಮಗೂ ಸವಾಬು ಎಂಬುದು ಅವನ ಲೆಕ್ಕ. ಒಂದೇ ಹಣಕ್ಕೆ ಎರಡು ಪುಣ್ಯ ಬರುವ ಲೆಕ್ಕದಲ್ಲಿ ಏನೋ ಮೋಸವಿದೆ ಎಂದು ನಮಗೆ ಅನ್ನಿಸಿತು, ಆದರೆ ತಕ್ಷಣ ಉತ್ತರ ಹೊಳೆಯಲಿಲ್ಲ. ಈ ಬರಹ ಆ ಉತ್ತರದ ಹುಡುಕಾಟ.

ಅಮ್ಮಿ ತೀರಿಕೊಂಡ ಮೇಲೆ, 2024ರಲ್ಲಿ, ಉಳಿದ ಸಂಬಳ ಕೊಡಲು ಜಿನನಾಥಪುರಕ್ಕೆ ಹೋದೆವು. ಚನ್ನರಾಯಪಟ್ಟಣದಿಂದ ಶ್ರವಣಬೆಳಗೊಳಕ್ಕೆ ಬರುವ ಪ್ರವಾಸಿಗರಲ್ಲಿ ಹೆಚ್ಚಿನವರು ಗೊಮ್ಮಟನನ್ನು ನೋಡಿ ಹಿಂತಿರುಗುತ್ತಾರೆ. ಚಂದ್ರಗಿರಿಯ ಬೆನ್ನಿಗಿರುವ ಈ ಪುಟ್ಟ ಊರಿನತ್ತ ತಿರುಗುವವರು ಕಡಿಮೆ. ವಿಷ್ಣುವರ್ಧನನ ದಂಡನಾಯಕ ಗಂಗರಾಜ ಕಟ್ಟಿಸಿದ ಊರಿದು. ಸುಮಾರು 1200ರಲ್ಲಿ ರೇಚಿಮಯ್ಯ ಕಟ್ಟಿಸಿದ ಶಾಂತಿನಾಥ ಬಸದಿಯ ಹೊರಗೋಡೆಯ ಶಿಲ್ಪಗಳನ್ನು ನೋಡುತ್ತ ನಿಂತರೆ ಹೊತ್ತು ಹೋಗುವುದೇ ತಿಳಿಯದು. ಹುಡುಗಿಯ ತಾತ ಮನೆಯ ಜಗುಲಿಯ ಮೇಲಿದ್ದರು. ಯೌವನದಲ್ಲಿ ವಿಂಧ್ಯಗಿರಿಗೆ ಡೋಲಿ ಹೊತ್ತವರು. 600ಕ್ಕೂ ಮಿಕ್ಕಿದ ಆ ಮೆಟ್ಟಿಲುಗಳನ್ನು ಹತ್ತಲಾಗದ ಮುದುಕರನ್ನು, ಕಾಲಿಲ್ಲದವರನ್ನು ಕುರ್ಚಿಯಲ್ಲಿ ಕೂರಿಸಿ ನಾಲ್ವರು ಬರಿಗಾಲಲ್ಲಿ ಹೊತ್ತೊಯ್ಯುವ ಕೆಲಸ.

"ಹೊರೋದು ಹೆಗಲಲ್ಲ ಸಾಬ್ರೇ, ಉಸಿರು" ಎಂದರು ತಾತ. "ನಾಲ್ವರ ಉಸಿರು ಒಂದಾಗ್ಬೇಕು. ಕೂತವ್ರಿಗೆ ಹೆದರಿಕೆ ಆದ್ರೆ ಅವರ ಭಾರ ಜಾಸ್ತಿ ಆಗುತ್ತೆ. ಅದಕ್ಕೆ ಮಾತಾಡಿಸ್ಕೊಂಡು ಹೋಗ್ತಿದ್ವಿ." ಭಗವಂತನ ದರ್ಶನಕ್ಕೆ ಕರೆದೊಯ್ಯುವುದಕ್ಕೆ ದುಡ್ಡು ತಗೊಂಡಿರಲ್ಲ, ಪುಣ್ಯ ಹೋಗಲಿಲ್ಲವೇ ಎಂದು ಕೇಳಿದೆವು. ತಾತ ನಕ್ಕರು. "ಪುಣ್ಯ ಹತ್ತಿದವ್ರದ್ದು, ಮಂಡಿನೋವು ನಮ್ಮದು. ಅದಕ್ಕೆ ದುಡ್ಡು."

ಅಣ್ಣನಿಗೆ ಕೊಡಬೇಕಿದ್ದ ಉತ್ತರದ ಅರ್ಧ ಅಲ್ಲೇ ಸಿಕ್ಕಿತು. ಇನ್ನರ್ಧಕ್ಕೆ ಆ ಊರಿನ ನೆತ್ತಿಯ ಮೇಲಿರುವ ಚಂದ್ರಗಿರಿಯನ್ನೇ ನೋಡಬೇಕು. ಚಂದ್ರಗುಪ್ತ ಮೌರ್ಯ ಸಾಮ್ರಾಜ್ಯ ಬಿಟ್ಟು ಬಂದು ತನ್ನ ಗುರು ಭದ್ರಬಾಹುವಿನ ಕೊನೆಯ ದಿನಗಳಲ್ಲಿ ಶುಶ್ರೂಷೆ ಮಾಡಿದ್ದು ಈ ಬೆಟ್ಟದಲ್ಲಿ ಎಂದು ಜೈನರ ಐತಿಹ್ಯ. ಜೈನರಲ್ಲಿ ಇಂಥ ಸೇವೆಗೆ ವೈಯಾವೃತ್ಯ ಎಂದು ಹೆಸರು, ಅದನ್ನು ತಪಸ್ಸಿನ ಲೆಕ್ಕಕ್ಕೇ ಸೇರಿಸಿದ್ದಾರೆ. ಶಿವಾರ್ಯನ ಪ್ರಾಕೃತ ಗ್ರಂಥ 'ಭಗವತಿ ಆರಾಧನಾ', ನಮ್ಮ 'ವಡ್ಡಾರಾಧನೆ'ಯ ಕಥೆಗಳಿಗೆ ನಂಟುಳ್ಳದ್ದು, ಸಲ್ಲೇಖನ ಕೈಗೊಂಡವರ ಬಳಿ ಇರಬೇಕಾದ 48 ನಿರ್ಯಾಪಕರನ್ನು ಹೇಳುತ್ತದೆ. ಕೆಲಸವನ್ನು ಹಂಚಿಯೂ ಕೊಡುತ್ತದೆ: ನಾಲ್ವರು ಮೈ ಹಿಡಿದು ಹೊರಳಿಸಲು, ನಾಲ್ವರು ಧರ್ಮಕಥೆ ಹೇಳಲು, ನಾಲ್ವರು ಮಲಮೂತ್ರ ತೆಗೆಯಲು, ನಾಲ್ವರು ಬಾಗಿಲು ಕಾಯಲು ಹೀಗೆ. ಅಷ್ಟು ಜನ ಸಿಗದಿದ್ದರೆ ಕಡಿಮೆಯಾದರೂ ಸರಿ, ಆದರೆ ಒಬ್ಬನೇ ಇರಕೂಡದು. ಒಬ್ಬನಾದರೆ ಒಂದೋ ಮಲಗಿದವನು ಕೆಡುತ್ತಾನೆ, ಇಲ್ಲವೇ ನೋಡಿಕೊಳ್ಳುವವನು ಕೆಡುತ್ತಾನೆ. ಒಬ್ಬ ಹುಡುಗಿಯನ್ನು ಇಪ್ಪತ್ತನಾಲ್ಕು ಗಂಟೆಯ ಡ್ಯೂಟಿಗೆ ನೇಮಿಸಿಕೊಂಡು, ರಾತ್ರಿ ಕಣ್ಣು ಮುಚ್ಚಿದಳೆಂದು ಗೊಣಗಿದ ನಮ್ಮಂಥವರು ಓದಬೇಕಾದ ಮಾತಿದು. ಹೇಸಿಗೆ ತೆಗೆಯುವವನನ್ನು ಧರ್ಮ ಹೇಳುವವನ ಸಾಲಿನಲ್ಲೇ ಕೂರಿಸಿದ್ದಾರೆ ಎಂಬುದೂ ಸಣ್ಣ ಸಂಗತಿಯಲ್ಲ.

ಅವರು ಮುನಿಗಳು, ಸಂಬಳವಿಲ್ಲದೆ ಮಾಡಿದರು ಎಂದು ಅಣ್ಣ ಹೇಳಿಯಾನು. ಹಾಗಾದರೆ ನಮ್ಮದೇ ಇತಿಹಾಸಕ್ಕೆ ಬರೋಣ. 705ರಿಂದ 715ರವರೆಗೆ ದಮಾಸ್ಕಸ್ಸಿನಲ್ಲಿ ಆಳಿದ ಉಮಯ್ಯದ್ ಖಲೀಫ ವಲೀದ್, ಕಾಲಿಲ್ಲದ ಪ್ರತಿಯೊಬ್ಬನಿಗೂ ಒಬ್ಬ ಸೇವಕನನ್ನು, ಕುರುಡನಾದ ಪ್ರತಿಯೊಬ್ಬನಿಗೂ ದಾರಿ ತೋರುವವನೊಬ್ಬನನ್ನು ಗೊತ್ತುಮಾಡಿದನೆಂದು ಇತಿಹಾಸಕಾರ ತಬರಿ ದಾಖಲಿಸಿದ್ದಾನೆ. ಬೇಡುವ ಅಗತ್ಯ ಬಾರದಿರಲಿ ಎಂದು ಕುಷ್ಠರೋಗಿಗಳಿಗೆ ಭತ್ಯೆಯನ್ನೂ ಕೊಟ್ಟನಂತೆ. ವಲೀದ್ ಸಂತನೇನೂ ಅಲ್ಲ, ರಾಜ. ಆದರೂ ಆಸರೆಯನ್ನು ದಾರಿಹೋಕರ ಕರುಣೆಗೆ ಬಿಡದೆ ರಾಜ್ಯದ ಹೊಣೆಯೆಂದು ತಿಳಿದ. ಕೂಲಿಯವನ ಬೆವರು ಆರುವ ಮೊದಲೇ ಕೂಲಿ ಸಲ್ಲಬೇಕೆಂಬ ಪ್ರವಾದಿಯವರ ಮಾತನ್ನು ಕಲ್ಲು ಹೊರುವವನಿಗೆ ಒಪ್ಪುವ ನಾವು, ತಾಯಿಯನ್ನು ಹೊರುವವಳಿಗೆ ಒಪ್ಪದಿದ್ದರೆ ಹೇಗೆ?

ನಮ್ಮ ನುಡಿಗಳಲ್ಲೇ ಒಂದು ವಿಚಿತ್ರವಿದೆ. ಉರ್ದುವಿನಲ್ಲಿ ಖಿದ್ಮತ್ ಎಂಬುದು ಎತ್ತರದ ಪದ, ಖಿದ್ಮತ್‌ಗಾರ್ ಎಂದರೆ ಆಳು. ಕನ್ನಡದಲ್ಲೂ ಹಾಗೇ: ಸೇವೆ ದೊಡ್ಡದು, ಸೇವಕ ಚಿಕ್ಕವನು. ಕೆಲಸವನ್ನು ಮಾಡಿನ ಮೇಲೆ ಕೂರಿಸಿ, ಮಾಡುವವನನ್ನು ಹೊಸ್ತಿಲಾಚೆ ನಿಲ್ಲಿಸಿದ್ದೇವೆ. ಸರ್ಕಾರವೂ ಕಡಿಮೆಯಿಲ್ಲ. ನಮ್ಮ ಗ್ರಾಮ ಪಂಚಾಯಿತಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಸ್ವತಃ ಅಂಗವಿಕಲರಾದ ಇವರು ಮನೆಮನೆಗೆ ಹೋಗಿ ಗುರುತಿನ ಚೀಟಿ, ಪಿಂಚಣಿ, ಸಾಧನ ಸಲಕರಣೆ ಎಂದು ಓಡಾಡುತ್ತಾರೆ. ಅವರಿಗೆ ಸಿಗುವುದು ವೇತನವಲ್ಲ, 'ಗೌರವಧನ'. ಧನ ಕಡಿಮೆ ಕೊಡಬೇಕಾದಾಗಲೆಲ್ಲ ಗೌರವ ಸೇರಿಸುವ ಜಾಣತನ ಯಾರು ಕಂಡುಹಿಡಿದರೋ!

2011ರ ಜನಗಣತಿ ದೇಶದಲ್ಲಿ 2.68 ಕೋಟಿ, ಕರ್ನಾಟಕದಲ್ಲಿ 13 ಲಕ್ಷಕ್ಕೂ ಹೆಚ್ಚು ಅಂಗವಿಕಲರನ್ನು ಲೆಕ್ಕ ಹಾಕಿತು. ಆಗ ಕಾಯ್ದೆ ಗುರುತಿಸುತ್ತಿದ್ದುದು ಏಳು ಬಗೆಯ ವೈಕಲ್ಯಗಳನ್ನು; 2016ರ ಕಾಯ್ದೆ ಅದನ್ನು 21ಕ್ಕೆ ಏರಿಸಿತು. ಅದೇ ಕಾಯ್ದೆ ಆರೈಕೆದಾರ ಯಾರೆಂದು ಹೇಳುವಾಗ ಹಣ ಪಡೆದು ಮಾಡುವವರನ್ನೂ ಪಡೆಯದೆ ಮಾಡುವ ಮನೆಯವರನ್ನೂ ಒಟ್ಟಿಗೇ ಸೇರಿಸಿತು. ನಮ್ಮ ಮನೆಯ ಜಗಳವನ್ನು ಸಂಸತ್ತು ಹೀಗೆ ಒಂದೇ ವಾಕ್ಯದಲ್ಲಿ ಬಗೆಹರಿಸಿತ್ತು, ನಮಗೆ ತಿಳಿದಿರಲಿಲ್ಲ ಅಷ್ಟೆ. 1992ರ ಕಾಯ್ದೆಯಿಂದ ಬಂದ ಭಾರತೀಯ ಪುನರ್ವಸತಿ ಮಂಡಳಿ ಈ ಕ್ಷೇತ್ರದ ಕೋರ್ಸುಗಳಿಗೆ ಮಾನ್ಯತೆ ಕೊಡುತ್ತದೆ. 2021ರ ಮೇ ತಿಂಗಳಲ್ಲಿ ಮೆಲ್ಬರ್ನ್ ವಿಶ್ವವಿದ್ಯಾಲಯದ ಸಹಕಾರದಿಂದ ಆರು ತಿಂಗಳ ಒಂದು ಕೋರ್ಸನ್ನೂ ಆರಂಭಿಸಿತು. ಆಶಾ, ಅಂಗನವಾಡಿ ಕಾರ್ಯಕರ್ತೆಯರಂತೆ ಹಳ್ಳಿಯಲ್ಲೇ ಇದ್ದು ಅಂಗವಿಕಲರ ಜೊತೆ ಕೆಲಸ ಮಾಡುವವರನ್ನು ತಯಾರು ಮಾಡುವುದು ಅದರ ಉದ್ದೇಶ. ಒಳ್ಳೆಯದೇ. ಆದರೆ ಸರ್ಟಿಫಿಕೇಟ್ ಹಿಡಿದು ಹೊರಬಂದ ಹುಡುಗಿಗೆ ಕೆಲಸ ಕೊಡುವವರು ಯಾರು? ನಮ್ಮ ಹುಡುಗಿಗೆ ಕೊಟ್ಟದ್ದು ಬೆಂಗಳೂರಿನ ಒಂದು ಏಜೆನ್ಸಿ. ನಾವು ಕೊಟ್ಟ ಸಂಬಳದಲ್ಲಿ ಮೂರನೇ ಒಂದು ಭಾಗ ಅವರು ಹಿಡಿದುಕೊಳ್ಳುತ್ತಿದ್ದರೆಂದು ನಮಗೆ ಗೊತ್ತಾದದ್ದು ಆಮೇಲೆ.

ಕೂಲಿಯ ಮಾತಾಯಿತು. ತರಬೇತಿಯ ಬಗ್ಗೆ ಇನ್ನೊಂದು ಮಾತು ಉಳಿದಿದೆ, ನಮಗೆ ಮುಖ್ಯವಾದದ್ದು ಅದೇ. ಕಲಿಯದವನಿಗೂ ಕಲಿತವನಿಗೂ ಇರುವ ವ್ಯತ್ಯಾಸ ಹೆಚ್ಚು ಮಾಡುವುದರಲ್ಲಿ ಇದೆ ಎಂದು ನಾವು ತಿಳಿದಿದ್ದೆವು. ಹುಡುಗಿ ಮಾಡಿದ್ದು ನಮಗಿಂತ ಕಡಿಮೆ. ಅಮ್ಮಿಯ ಬಲಗೈಗೆ ಬಾಚಣಿಗೆ ಕೊಟ್ಟು ತಾನು ಸುಮ್ಮನೆ ಕೂತಳು. ಅಮ್ಮಿ ಅರ್ಧ ತಲೆ ಬಾಚಲು ಕಾಲು ಗಂಟೆ ತೆಗೆದುಕೊಂಡರು. ಕುರುಡರನ್ನು ನಡೆಸುವಾಗಲೂ ಹೀಗೇ ಎಂದು ಅವಳು ಹೇಳಿದಳು: ಅವರ ತೋಳು ಹಿಡಿದು ತಳ್ಳಿಕೊಂಡು ಹೋಗಬಾರದು, ನಮ್ಮ ಮೊಣಕೈಯನ್ನು ಅವರಿಗೆ ಕೊಟ್ಟು ಅರ್ಧ ಹೆಜ್ಜೆ ಮುಂದೆ ನಡೆಯಬೇಕು. ಹಿಡಿಯುವುದೂ ಬಿಡುವುದೂ ಅವರ ಇಷ್ಟ.

ಸವಾಬಿಗಾಗಿ ಮಾಡುವವನಿಗೆ ಈ ಸಂಯಮ ಕಷ್ಟ. ಪುಣ್ಯಕ್ಕೆ ಒಬ್ಬ ಅಸಹಾಯಕ ಬೇಕು. ಅವನು ತನ್ನ ತಲೆ ತಾನೇ ಬಾಚಿಕೊಂಡರೆ ನಮ್ಮ ಪುಣ್ಯದ ಪಾಲು ಅಷ್ಟು ಕಡಿಮೆ. ಕುರುಡರಾದ ಅಬ್ದುಲ್ಲಾ ಇಬ್ನ್ ಉಮ್ಮೆ ಮಕ್ತೂಮ್ ಪ್ರವಾದಿಯವರ ಬಳಿ ಬಂದದ್ದು ಭಿಕ್ಷೆಗಲ್ಲ, ಕಲಿಯಲು. ಊರಿನ ಗಣ್ಯರ ಜೊತೆಗಿದ್ದಾಗ ಅವರ ಮಾತಿಗೆ ಹುಬ್ಬು ಗಂಟಿಕ್ಕಿದ್ದಕ್ಕೆ ಕುರ್‌ಆನ್‌ನ 80ನೇ ಅಧ್ಯಾಯ ಪ್ರವಾದಿಯವರನ್ನೇ ಎಚ್ಚರಿಸಿತು. ನಂತರ ಅದೇ ವ್ಯಕ್ತಿ ಮದೀನಾದಲ್ಲಿ ಅಜಾನ್ ಕೂಗಿದರು, ಪ್ರವಾದಿಯವರು ಹೊರಗೆ ಹೋದಾಗ ಊರಿನ ಹೊಣೆಯನ್ನೂ ಹೊತ್ತರು. ಅವರಿಗೆ ದೊರೆತದ್ದು ಕರುಣೆಯಲ್ಲ, ಕೆಲಸ.

ಕೂಲಿ ಕೊಟ್ಟ ಮಾತ್ರಕ್ಕೆ ಎಲ್ಲ ಸರಿಯಾಗುತ್ತದೆಂದು ನಾವು ಹೇಳುತ್ತಿಲ್ಲ. ಹಣ ಕೊಟ್ಟೆನೆಂದು ಕೋಣೆಗೇ ಕಾಲಿಡದ ಮಕ್ಕಳನ್ನು ಕಂಡಿದ್ದೇವೆ. ಅಮ್ಮಿಯ ಕೊನೆಯ ದಿನಗಳಲ್ಲಿ ನಾವೂ ಒಂದೆರಡು ಸಂಜೆ, ಹುಡುಗಿ ಇದ್ದಾಳಲ್ಲ ಎಂದು ಮುಷಾಯಿರಾಕ್ಕೆ ಹೋಗಿ ಬಂದೆವು. ಆ ಎರಡು ಸಂಜೆಗಳ ಲೆಕ್ಕ ಯಾವ ಸಂಬಳದ ಪಟ್ಟಿಯಲ್ಲೂ ಸೇರುವುದಿಲ್ಲ.

ಹುಡುಗಿ ಈಗ ಹಾಸನದಲ್ಲಿ ಸೆರೆಬ್ರಲ್ ಪಾಲ್ಸಿ ಇರುವ ಹತ್ತು ವರ್ಷದ ಬಾಲಕನೊಬ್ಬನನ್ನು ನೋಡಿಕೊಳ್ಳುತ್ತಿದ್ದಾಳೆ. ಎರಡು ಗಂಡಿನ ಕಡೆಯವರು, ಬೇರೆಯವರ ಹೇಸಿಗೆ ಬಳಿಯುವವಳು ಎಂದು ಸಂಬಂಧ ಬಿಟ್ಟು ಹೋದರಂತೆ. ಅದನ್ನು ಅವಳು ಹೇಳಲಿಲ್ಲ, ತಾತ ಹೇಳಿದರು. ಅವಳು ನಮ್ಮನ್ನು ಬಸ್ಸಿಗೆ ಬಿಡಲು ಬೆಳಗೊಳದ ತನಕ ನಡೆದುಬಂದಳು. ಅವಳ ಚಿಂತೆ ಬೇರೆಯೇ ಇತ್ತು. ಬಾಲಕ ತಾನೇ ಚಮಚ ಹಿಡಿದು ಅನ್ನ ತಿನ್ನಲು ಕಲಿಯುತ್ತಿದ್ದಾನೆ. ಒಂದು ತಟ್ಟೆಗೆ ನಲವತ್ತು ನಿಮಿಷ, ಅರ್ಧ ನೆಲದ ಮೇಲೆ. ಅವನ ತಾಯಿ ಬಾಗಿಲಲ್ಲಿ ನಿಂತು ನೋಡಿ, "ಸುಮ್ನೆ ಕೂತಿರೋಕಾ ನಿಂಗೆ ಸಂಬಳ ಕೊಡೋದು?" ಎಂದರಂತೆ.

"ಅವರಿಗೆ ಏನಂತ ಹೇಳಲಿ ಸಾರ್?" ಎಂದು ಕೇಳಿದಳು. ಬಸ್ಸು ಬರುವ ತನಕ ನಾವಿಬ್ಬರೂ ಅದನ್ನೇ ಮಾತಾಡಿದೆವು.