ಸೆರಗಿನ ಗಂಟುಗಳು

ಹುಮನಾಬಾದಿನ ಚರ್ಚಿನಲ್ಲಿ ಭಾನುವಾರದ ಆರಾಧನೆ ಮುಗಿದು ಆಶೀರ್ವಾದವಾದ ಮೇಲೂ ಜನ ಕೂಡಲೇ ಮನೆಯ ದಾರಿ ಹಿಡಿಯುವುದಿಲ್ಲ. ಸಭಾಪಾಲಕರು ಬಾಗಿಲಿಗೆ ಬಂದು ನಿಂತರೆ ಅವರ ಸುತ್ತ ಇನ್ನೊಂದು ಸಣ್ಣ ಸಭೆ ಕೂಡುತ್ತದೆ. "ಅಯ್ಯನೋರೆ, ಹಿರೇ ಮಗಾ ಹೈದರಾಬಾದಿನ್ಯಾಗ ಹಾನ, ಎರಡು ತಿಂಗಳಾಯ್ತು ಪಗಾರ ಇಲ್ಲ. ಪ್ರಾರ್ಥನಾ ಮಾಡ್ರಿ." ಒಬ್ಬರ ತೊಗರಿಗೆ ನೆಟೆ ರೋಗ, ಇನ್ನೊಬ್ಬರ ಮಗಳಿಗೆ ಪಿಯುಸಿ ಪರೀಕ್ಷೆ, ಮತ್ತೊಬ್ಬರ ತಾಯಿಗೆ ಸಕ್ಕರೆ ಕಾಯಿಲೆಯಿಂದ ಕಾಲಿನ ಗಾಯ ಮಾಯುತ್ತಿಲ್ಲ. ಅಯ್ಯನವರು ಎಲ್ಲರಿಗೂ ತಲೆಯಾಡಿಸುತ್ತಾರೆ. ಹೇಳಿದವರು ಹಗುರಾಗಿ ಹೊರಡುತ್ತಾರೆ. ಆ ಹಗುರತನವನ್ನು ನಾನು ಬಹಳ ವರ್ಷಗಳಿಂದ ನೋಡುತ್ತಿದ್ದೇನೆ, ನಾನೂ ಅನುಭವಿಸಿದ್ದೇನೆ. ಹಾಗೆ ಹಗುರಾಗಿ ಮನೆಗೆ ಬಂದವನು ಅದೇ ವಿಷಯಕ್ಕಾಗಿ ರಾತ್ರಿ ತಾನೂ ಮೊಣಕಾಲೂರುತ್ತಾನೆಯೆ ಎಂಬುದು ಈಚೆಗೆ ನನ್ನನ್ನು ಕಾಡುತ್ತಿರುವ ಪ್ರಶ್ನೆ.

ಇನ್ನೊಬ್ಬರ ಪರವಾಗಿ ಬೇಡುವುದಕ್ಕೆ ಕನ್ನಡ ಸತ್ಯವೇದದಲ್ಲಿ ಒಂದು ಒಳ್ಳೆಯ ಮಾತಿದೆ: ವಿಜ್ಞಾಪನೆ. ಇಬ್ರಿಯರಿಗೆ ಬರೆದ ಪತ್ರಿಕೆಯ ಏಳನೆಯ ಅಧ್ಯಾಯದಲ್ಲಿ ಕ್ರಿಸ್ತನು ಮಹಾಯಾಜಕನಾಗಿ ಸದಾ ಜೀವಿಸುತ್ತ ನಮಗೋಸ್ಕರ ಮಾಡುವ ಕೆಲಸಕ್ಕೆ ಆ ಹೆಸರು. ಅದೇ ಪದ ನಮ್ಮ ಬಾಯಲ್ಲಿ ಸವೆದು 'ಬಿನ್ನಪ'ವಾಗಿದೆ. ಬಿನ್ನಪ ಎಂದರೆ ಕಲ್ಯಾಣದ ನೆಲಕ್ಕೆ ಚೆನ್ನಾಗಿ ಗೊತ್ತು. ಇಂದಿನ ಬಸವಕಲ್ಯಾಣ ಚಾಲುಕ್ಯರ ರಾಜಧಾನಿಯಾಗಿದ್ದ ಕಾಲದ ದಾನಶಾಸನಗಳಲ್ಲಿ ಆ ಮಾತು ಮತ್ತೆ ಮತ್ತೆ ಬರುತ್ತದೆ. ದೂರದ ಊರಿಗೆ ಒಂದು ಕೆರೆಯೋ ಗುಡಿಗೆ ಭೂಮಿಯೋ ಬೇಕಾದರೆ ದಂಡನಾಯಕನೊಬ್ಬ ಅರಸನ ಮುಂದೆ ನಿಂತು ಬಿನ್ನಪ ಮಾಡುತ್ತಿದ್ದ, ಅರಸ ದತ್ತಿ ಬಿಡುತ್ತಿದ್ದ. ಊರಿನವನಿಗೆ ಅರಮನೆಯ ಬಾಗಿಲು ದೂರ. ಒಳಗೆ ಹೋಗಬಲ್ಲವನೊಬ್ಬ ಅವನ ಪರವಾಗಿ ಮಾತಾಡಬೇಕಿತ್ತು.

ನಮ್ಮಲ್ಲಿ ಅನೇಕರು ದೇವರನ್ನೂ ಹೀಗೇ ಭಾವಿಸಿದ್ದೇವೆ. ಒಳಗೆ ಅರಸ, ಬಾಗಿಲಲ್ಲಿ ಅಯ್ಯನವರು, ಅಂಗಳದಲ್ಲಿ ನಾವು.

ವಿಮೋಚನಕಾಂಡದ ಇಪ್ಪತ್ತೆಂಟನೆಯ ಅಧ್ಯಾಯವನ್ನು ಓದುವಾಗ ಬೇರೆ ಚಿತ್ರ ಕಾಣುತ್ತದೆ. ಅಲ್ಲಿ ಆರೋನನ ಉಡುಪಿನ ವಿವರವಿದೆ. ಎರಡು ಹೆಗಲ ಮೇಲೆ ಎರಡು ಕಲ್ಲು, ಒಂದೊಂದರಲ್ಲಿ ಆರಾರು ಕುಲಗಳ ಹೆಸರು. ಎದೆಪದಕದಲ್ಲಿ ಹನ್ನೆರಡು ರತ್ನ, ಒಂದೊಂದಕ್ಕೆ ಒಂದೊಂದು ಹೆಸರು. ಯಾಜಕ ಪರಿಶುದ್ಧ ಸ್ಥಳಕ್ಕೆ ಹೋಗುವಾಗಲೆಲ್ಲ ಆ ಹೆಸರುಗಳನ್ನು ಹೊತ್ತೇ ಹೋಗಬೇಕು. ಹೆಗಲು ಭಾರ ಹೊರುವ ಜಾಗ, ಎದೆ ಪ್ರೀತಿ ಇರುವ ಜಾಗ. ಹೆಸರು ಎರಡೂ ಕಡೆ ಇರಬೇಕಿತ್ತು. ಅಲ್ಲಿ ಯಾಜಕನ ಮಾತಿನ ಚಾತುರ್ಯದ ಪ್ರಸ್ತಾಪವೇ ಇಲ್ಲ. ಆ ಯಾಜಕನೂ ಮೊದಲು ತನ್ನ ಸ್ವಂತ ಪಾಪಕ್ಕೆ ಬಲಿ ಕೊಡಬೇಕಾಗಿತ್ತು ಎಂದು ಇಬ್ರಿಯ ಪತ್ರಿಕೆ ನೆನಪಿಸುತ್ತದೆ. ಕ್ರಿಸ್ತನಿಗೆ ಆ ಅಗತ್ಯ ಬೀಳಲಿಲ್ಲ. ಆತ ತನ್ನನ್ನೇ ಒಂದು ಸಲ ಅರ್ಪಿಸಿದ, ದೇವಾಲಯದ ತೆರೆ ಮೇಲಿಂದ ಕೆಳಗೆ ಹರಿಯಿತು. ಹಾಗಾಗಿ ನಂಬಿದವರು ಧೈರ್ಯದಿಂದ ಕೃಪಾಸನದ ಹತ್ತಿರ ಬರಬಹುದು ಎಂಬುದು ಆ ಪತ್ರಿಕೆಯ ಕರೆ.

ಈ 'ಧೈರ್ಯ' ಎಂಬ ಮಾತು ನಮ್ಮ ಸೀಮೆಯಲ್ಲಿ ಸುಮ್ಮನೆ ಬಂದದ್ದಲ್ಲ. ದೇವರಿಗೂ ಭಕ್ತನಿಗೂ ನಡುವೆ ಇನ್ನೊಬ್ಬ ಏಕೆ ಎಂದು 12ನೇ ಶತಮಾನದಲ್ಲಿ ಕಲ್ಯಾಣದ ಶರಣರು ಕೇಳಿದರು, ಇಷ್ಟಲಿಂಗವನ್ನು ಅವರವರ ಅಂಗೈಗೇ ಕೊಟ್ಟರು. ಅದು ಅವರ ದಾರಿ, ಅದರ ತತ್ವವೇ ಬೇರೆ. ನನ್ನ ನಂಬಿಕೆಯೊಳಗೆ ಅದನ್ನು ಎಳೆದು ತರಲಾರೆ. ಆದರೆ 19ನೇ ಶತಮಾನದ ಕೊನೆಯ ದಶಕಗಳಲ್ಲಿ, ನಿಜಾಮರ ಆಳ್ವಿಕೆಯ ಬೀದರ ಸೀಮೆಗೆ ಅಮೆರಿಕದ ಮೆಥೋಡಿಸ್ಟ್ ಮಿಷನ್ ಬಂದಾಗ ಸುವಾರ್ತೆಗೆ ಓಗೊಟ್ಟವರಲ್ಲಿ ಹೆಚ್ಚಿನವರು ಊರ ಹೊರಗೇ ನಿಲ್ಲಿಸಲ್ಪಟ್ಟವರು, ಗುಡಿಯ ಹೊಸ್ತಿಲನ್ನು ದೂರದಿಂದ ನೋಡಿದವರು. "ಹತ್ತಿರ ಬಾ" ಎಂಬ ಕರೆ ಅವರ ಕಿವಿಗೆ ಹೇಗೆ ಕೇಳಿಸಿರಬೇಕು! ಅಂಥವರ ಮಕ್ಕಳು ಮೊಮ್ಮಕ್ಕಳಾದ ನಾವು ಮತ್ತೆ ಅಂಗಳದಲ್ಲೇ ನಿಂತು, "ನೀವೇ ಒಳಗ ಹೋಗಿ ಹೇಳ್ರಿ" ಎಂದು ಅಯ್ಯನವರನ್ನು ಕಳಿಸಿದರೆ ಆ ಹಿರಿಯರು ದಾಟಿದ ಹೊಸ್ತಿಲನ್ನು ನಾವೇ ಮತ್ತೆ ಎತ್ತರಿಸಿದಂತೆ ಆಗುತ್ತದೆ.

ಹಾಗಾದರೆ ಬೇರೆಯವರ ಪ್ರಾರ್ಥನೆ ಕೇಳುವುದೇ ತಪ್ಪೆ? ಖಂಡಿತ ಇಲ್ಲ. ಪೌಲನಂಥ ಅಪೊಸ್ತಲನೇ ತನ್ನ ಪತ್ರಗಳಲ್ಲಿ ನನಗೋಸ್ಕರ ಪ್ರಾರ್ಥಿಸಿರಿ ಎಂದು ಸಭೆಗಳನ್ನು ಬೇಡಿಕೊಂಡಿದ್ದಾನೆ. ಕಥೋಲಿಕರ ಬಲಿಪೂಜೆಯಲ್ಲಿ ಗುರುಗಳ ಪ್ರಾರ್ಥನೆಯ ಜತೆಗೆ ವಿಶ್ವಾಸಿಗಳ ಪ್ರಾರ್ಥನೆಗೂ ಜಾಗವಿದೆ. ಎರಡನೆಯ ವ್ಯಾಟಿಕನ್ ಸಮ್ಮೇಳನ 1963ರಲ್ಲಿ ಅದನ್ನು ಮರಳಿ ತಂದಿತು. ಒಬ್ಬರು ಇನ್ನೊಬ್ಬರಿಗಾಗಿ ಬೇಡುವುದೇ ಸಭೆಯ ಉಸಿರು.

ಆದರೆ ಬೇಡುವವರ ಒಳಗೆ ಏನಿದೆ ಎಂಬುದು ಯಾಜಕನಿಗೂ ಒಮ್ಮೊಮ್ಮೆ ಕಾಣುವುದಿಲ್ಲ. ಶೀಲೋವಿನಲ್ಲಿ ಬೇಡಿಕೊಂಡ ಹನ್ನಳನ್ನು ನೆನೆಯಿರಿ. ಮಕ್ಕಳಿಲ್ಲದ ಹೆಣ್ಣು, ಮನೆಯಲ್ಲಿ ಸವತಿಯ ಕುಟುಕು. ಗಂಡ ಒಳ್ಳೆಯವನೇ, ಆದರೂ ಆ ನೋವು ಅವನಿಗೆ ಪೂರ್ತಿ ಎಟುಕಲಿಲ್ಲ. ಒಂದು ದಿನ ಊಟ ಮುಗಿದ ಮೇಲೆ ಎದ್ದು ಬಂದು ದೇವರ ಮುಂದೆ ಅತ್ತಳು. ತುಟಿ ಆಡುತ್ತಿತ್ತು, ದನಿ ಹೊರಡಲಿಲ್ಲ. ಬಾಗಿಲ ಬಳಿ ಕುಳಿತಿದ್ದ ಯಾಜಕ ಏಲಿ ಅವಳು ಕುಡಿದಿದ್ದಾಳೆಂದು ತಿಳಿದು ಗದರಿದ. ಅವಳು ಸಿಟ್ಟಾಗಲಿಲ್ಲ, ಎದ್ದೂ ಹೋಗಲಿಲ್ಲ. ಮನಸ್ಸಿನ ಭಾರ ಹೊಯ್ದುಕೊಳ್ಳುತ್ತಿದ್ದೇನೆ ಎಂದಳು. ಏಲಿ ತನ್ನ ತಪ್ಪು ತಿದ್ದಿಕೊಂಡು ಅವಳನ್ನು ಆಶೀರ್ವದಿಸಿ ಕಳಿಸಿದ. ನನಗೆ ಇಬ್ಬರೂ ಇಷ್ಟ. ಯಾಜಕ ತಪ್ಪು ತಿಳಿದಾಗಲೂ ಅವಳ ಪ್ರಾರ್ಥನೆ ನಿಲ್ಲಲಿಲ್ಲ, ಅದು ಆಗಲೇ ದೇವರಿಗೆ ಮುಟ್ಟಿತ್ತು. ಆದರೂ ಏಲಿಯ ಆಶೀರ್ವಾದ ವ್ಯರ್ಥವಾಗಲಿಲ್ಲ, ಅದನ್ನು ಕೇಳಿದ ಮೇಲೆ ಅವಳು ಹೋಗಿ ಉಂಡಳು, ಮುಖದ ದುಃಖ ಇಳಿಯಿತು. ಮಾತು ಸಿಗದಿದ್ದಾಗ ಆತ್ಮನೇ ನಮ್ಮೊಳಗೆ ನರಳಿ ಬೇಡುತ್ತಾನೆ ಎಂದು ಪೌಲ ರೋಮಾಪುರದವರಿಗೆ ಬರೆದ ಮಾತು ಹನ್ನಳಂಥವರಿಗೇ ಸಲ್ಲಬೇಕು.

ಬೇಡಿದ್ದೆಲ್ಲ ಕೈಗೂಡುತ್ತದೆಯೆ ಎಂಬ ಪ್ರಶ್ನೆಯನ್ನು ನಾನು ಮರೆಸಲಾರೆ. ಯೇಸು ಸೀಮೋನನಿಗೆ, ನಿನ್ನ ನಂಬಿಕೆ ಕುಂದದಿರಲಿ ಎಂದು ನಿನಗಾಗಿ ಬೇಡಿಕೊಂಡಿದ್ದೇನೆ ಎಂದ. ಅದೇ ರಾತ್ರಿ ಸೀಮೋನ ಮೂರು ಸಲ ಆತನನ್ನು ಅರಿಯೆನೆಂದ. ದೇವಕುಮಾರನ ವಿಜ್ಞಾಪನೆಯೂ ಅವನ ಬೀಳುವಿಕೆಯನ್ನು ತಡೆಯಲಿಲ್ಲ. ಬಿದ್ದವನು ಅಲ್ಲೇ ಸತ್ತುಹೋಗದೆ, ಅತ್ತು ಎದ್ದು ಬಂದದ್ದರಲ್ಲಿ ಆ ಬೇಡಿಕೆ ಫಲಿಸಿತು. ಹೈದರಾಬಾದಿನ ಮಗನ ಪಗಾರ ಬಾರದಿದ್ದರೂ ಆ ತಾಯಿ ಮರುಭಾನುವಾರ ಚರ್ಚಿಗೆ ಬಂದದ್ದನ್ನು ಕಂಡಾಗ ನನಗೆ ಸೀಮೋನನೇ ನೆನಪಾದ.

ಇನ್ನೊಬ್ಬರ ಹೆಸರು ಹೊರುವ ಕೆಲಸ ಅಯ್ಯನವರೊಬ್ಬರದೇ ಅಲ್ಲ ಎಂಬುದಕ್ಕೆ ಮೆಥೋಡಿಸ್ಟರ ಚರಿತ್ರೆಯಲ್ಲಿ ಒಂದು ಘಟನೆಯಿದೆ. 1742ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲಿನಲ್ಲಿ ಪ್ರಾರ್ಥನಾ ಮಂದಿರದ ಸಾಲ ತೀರಿಸಬೇಕಿತ್ತು. ಒಬ್ಬೊಬ್ಬರು ವಾರಕ್ಕೊಂದು ಪೆನ್ನಿ ಕೊಡಲಿ, ಹನ್ನೆರಡು ಜನರಿಗೊಬ್ಬ ಮುಂದಾಳು ಮನೆಮನೆಗೆ ಹೋಗಿ ಎತ್ತಲಿ, ಕೊಡಲಾಗದವರದ್ದನ್ನು ಅವನೇ ತುಂಬಲಿ ಎಂದು ತೀರ್ಮಾನವಾಯಿತು. ಪೆನ್ನಿಗೆಂದು ಹೋದವರು ಒಲೆ ಉರಿಯದ ಮನೆಗಳನ್ನು, ಕುಡಿತವನ್ನು, ಹಾಸಿಗೆ ಹಿಡಿದವರನ್ನು ಕಂಡರು. ಸಾಲದ ಲೆಕ್ಕದಿಂದ ಹುಟ್ಟಿದ ಆ ವ್ಯವಸ್ಥೆ ಕ್ಲಾಸ್ ಮೀಟಿಂಗ್ ಆಗಿ ಬೆಳೆಯಿತು. ಮೆಥೋಡಿಸ್ಟ್ ಪಂಥವನ್ನು ಆರಂಭಿಸಿದ ಜಾನ್ ವೆಸ್ಲಿ ಅದನ್ನೇ ಸಭೆಯ ಬೆನ್ನೆಲುಬಾಗಿ ಮಾಡಿಕೊಂಡರು. ಆ ಮುಂದಾಳುಗಳು ದೀಕ್ಷೆ ಪಡೆದ ಪಾದ್ರಿಗಳೇನಲ್ಲ, ದುಡಿದು ತಿನ್ನುವ ಸಾಮಾನ್ಯರು. ಆರೋನನ ಎದೆಯ ಹನ್ನೆರಡು ಹೆಸರು ಹೀಗೆ ಒಬ್ಬೊಬ್ಬ ವಿಶ್ವಾಸಿಯ ಪಾಲಿಗೆ ಬಂದವು.

ನಮ್ಮ ಆಯಿಗೆ ಆರೋನನ ಪದಕದ ಅರ್ಥವನ್ನು ಯಾರೂ ಬಿಡಿಸಿ ಹೇಳಿದ್ದಿಲ್ಲ, ಓದು ಬರುತ್ತಿರಲಿಲ್ಲ. ಹೊಲದಲ್ಲಿ, ಬಾವಿಯ ಹತ್ತಿರ ಯಾರಾದರೂ ಕಷ್ಟ ಹೇಳಿಕೊಂಡರೆ ಸೆರಗಿನ ತುದಿಗೆ ಒಂದು ಗಂಟು ಹಾಕುತ್ತಿದ್ದಳು. ರಾತ್ರಿ ಕಂದೀಲಿನ ಪಕ್ಕ ಕುಳಿತು ಒಂದೊಂದೇ ಗಂಟು ಹಿಡಿದು ಆ ಹೆಸರು ಹೇಳಿ ಬೇಡಿ ಬಿಚ್ಚುತ್ತಿದ್ದಳು. ನಮ್ಮ ಸಭೆಯವರಷ್ಟೇ ಅಲ್ಲ, ಊರಿನ ಸಾಬರ ಮನೆಯ ಬಾಣಂತಿಯೂ ಅಲ್ಲಿ ಇರುತ್ತಿದ್ದಳು, ಗೌಡರ ಮನೆಯ ಎತ್ತೂ ಇರುತ್ತಿತ್ತು. ಮೊದಲ ಗಂಟು ಮಾತ್ರ ಯಾವತ್ತೂ ಅಯ್ಯನವರದು. ಅವರೇ ನಮಗಾಗಿ ಪ್ರಾರ್ಥನೆ ಮಾಡುವಾಗ ನೀನ್ಯಾಕೆ ಅವರಿಗೆ ಮಾಡುತ್ತಿ ಎಂದು ನಾನು ಕೇಳಿದ್ದೆ. "ಅವರಿಗೂ ಮನಿ ಮಕ್ಕಳು ಹರ, ಅವರಿಗೂ ರಾತ್ರಿ ನಿದ್ದಿ ಬರಂಗಿಲ್ಲ," ಎಂದು ಗಂಟು ಬಿಚ್ಚಿದಳು.

ಹೋದ ಭಾನುವಾರ ಬಾಗಿಲ ಬಳಿ ಎಲ್ಲರೂ ಹೋಗುವವರೆಗೆ ಕಾದು ನಿಂತೆ. "ಅಯ್ಯನವರೇ, ಈ ವಾರ ನಿಮಗಾಗಿ ಏನು ಬೇಡಿಕೊಳ್ಳಲಿ?" ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಕೈಯಲ್ಲಿದ್ದ ಸತ್ಯವೇದವನ್ನು ಕಂಕುಳಿಗೆ ಸರಿಸಿ, ಒಳಗಿನ ಬೆಂಚು ತೋರಿಸಿ, "ಕೂಡ್ರಿ" ಎಂದರು.