ಕಾಣದ ಆಸರೆ



ತಣಿಸಂದ್ರದ ಆಕಾಶದಲ್ಲಿ ನಕ್ಷತ್ರ ಹುಡುಕುವುದು ಈಗ ಕಷ್ಟ. ಅಪಾರ್ಟ್‌ಮೆಂಟುಗಳ ದೀಪಗಳೇ ಹೆಚ್ಚು. ಆದರೆ ಹೆಬ್ಬಾಳದಾಚೆ, ಸದಾಶಿವನಗರದ ರಾಮನ್ ಸಂಶೋಧನಾ ಸಂಸ್ಥೆಯವರು 2020ರಲ್ಲಿ ಶರಾವತಿ ಹಿನ್ನೀರಿನ ಮೇಲೆ 'ಸರಸ್' ಎಂಬ ರೇಡಿಯೋ ದೂರದರ್ಶಕವನ್ನು ತೇಲಿಬಿಟ್ಟು, ವಿಶ್ವದ ಮೊದಲ ನಕ್ಷತ್ರಗಳು ಬೆಳಗಿದ ಕಾಲದ ಕ್ಷೀಣ ಸಂಕೇತಕ್ಕೆ ಕಿವಿಗೊಟ್ಟರು. ಅದು ಸಿಗಲಿಲ್ಲ. ಹುಡುಕಾಟ ನಿಲ್ಲಲಿಲ್ಲ.

ಆ ಮೊದಲ ದೀಪಗಳು ಹೊತ್ತಿದ್ದು ಎಲ್ಲಿ? ಕಣ್ಣಿಗೆ ಕಾಣದ ಕಪ್ಪು ದ್ರವ್ಯದ ಮಡಿಲಲ್ಲಿ ಎನ್ನುತ್ತಾರೆ ವಿಜ್ಞಾನಿಗಳು. ಮೊದಲು ಅದು ಅಲ್ಲಲ್ಲಿ ಒತ್ತಾಗಿ ಕೂಡಿತು. ಅದರ ಸೆಳೆತಕ್ಕೆ ಅನಿಲ ಒಳಬಿದ್ದು, ತಣ್ಣಗಾಗಿ, ನಕ್ಷತ್ರಗಳಾಯಿತು. ಇಂಥ ಮಡಿಲುಗಳು ಒಂದರೊಳಗೊಂದು ಸೇರಿದಂತೆ ಗೆಲಾಕ್ಸಿಗಳೂ ಬೆಳೆದವು. 1970ರ ದಶಕದಲ್ಲಿ ಅಮೆರಿಕದ ವೆರಾ ರೂಬಿನ್ ಅಳೆದು ನೋಡಿದರು: ಗೆಲಾಕ್ಸಿಯ ಅಂಚಿನ ನಕ್ಷತ್ರಗಳೂ ಒಳಗಿನವುಗಳಷ್ಟೇ ವೇಗವಾಗಿ ಸುತ್ತುತ್ತಿದ್ದವು! ಕಾಣುವ ದ್ರವ್ಯದ ಸೆಳೆತವಷ್ಟೇ ಇದ್ದಿದ್ದರೆ ಅವು ಎಂದೋ ಚದುರಿಹೋಗಬೇಕಿತ್ತು. ವಿಶ್ವದ ದ್ರವ್ಯದಲ್ಲಿ ಆರರಲ್ಲಿ ಸುಮಾರು ಐದು ಪಾಲು ಈ ಕಾಣದ್ದೇ.

ಇದೇ ದೇವರು ಎಂದು ದಯವಿಟ್ಟು ತಿಳಿಯಬೇಡಿ. ಇದೂ ಸೃಷ್ಟಿಯೇ, ನಾಳೆ ಯಾರಾದರೂ ಇದರ ಕಣವನ್ನು ಹಿಡಿದಾರು. ಸಮಸ್ತವೂ ಕ್ರಿಸ್ತರಲ್ಲಿ ಒಂದಾಗಿ ನಿಂತಿದೆ ಎಂದು ಕೊಲೊಸ್ಸೆಯವರಿಗೆ ಬರೆದ ಸಂತ ಪೌಲರು ಇದಕ್ಕಿಂತ ಆಳದ ಮಾತನ್ನು ಹೇಳಿದ್ದಾರೆ.

ಕೆಲಸ ಹೋಗಿದೆ, ಮಗ ಮಾತು ಬಿಟ್ಟಿದ್ದಾನೆ, ಪ್ರಾರ್ಥನೆಗೆ ಉತ್ತರವಿಲ್ಲ. ಆದರೂ ನಿಮ್ಮ ಮನೆ ಚದುರಿಲ್ಲ. ಯಾರು ಹಿಡಿದಿದ್ದಾರೆ? ದೇವರ ಆ ಹಿಡಿತ ಎಷ್ಟೋ ಸಲ ಒಬ್ಬರ ಕೈಯಿಂದಲೇ ನಮ್ಮನ್ನು ಮುಟ್ಟುತ್ತದೆ. ಇಂದು ರಾತ್ರಿ ಜಪಸರಕ್ಕೆ ಕೂತಾಗ, ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದು ಒಲೆ ಹಚ್ಚಿದವರ ಹೆಸರನ್ನು ಅವರಿಗೂ ಕೇಳುವಂತೆ ಹೇಳಿ ಪ್ರಾರ್ಥಿಸಿ.